ಹಣ್ಣು ತಿಂದರೆ ಮುಪ್ಪು ತಡವಾಗುವುದೇ?

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಬೇಸಾಯ ಕಳೆದ ಕೆಲವು ದಶಕಗಳಲ್ಲಿ ಬಹಳಷ್ಟು ಬದಲಾಗಿದೆ. ಮೊದಲಿನಿಂದ ಇದ್ದ ಜೋಳ, ತೊಗರಿ, ಶೇಂಗಾ ಬೆಳೆಗಳ ಜೊತೆಗೆ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಕಡೆಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದಿವೆ. ಬಾವಿಯ ಅನುಕೂಲವಿರುವಲ್ಲಿ ದಾಳಿಂಬೆ, ಪಪ್ಪಾಯಿ, ನಿಂಬೆ, ಪೇರಲ ತೋಟಗಳೂ ಕಾಣಸಿಗುತ್ತವೆ. ಆದರೆ ತೋಟದ ಹಣ್ಣು ಪೆಟ್ಟಿಗೆ ಸೇರಿ ಪೇಟೆಗೆ ಹೋಗುವುದೇ ಹೆಚ್ಚು. ಬೆಳೆದವರ ಮನೆಯ ತಾಟಿನಲ್ಲಿ ಅದು ಕಾಣುವುದು ಅಪರೂಪ.

ಇತ್ತ ಇನ್ನೊಂದು ವ್ಯಾಪಾರವೂ ನಡೆದಿದೆ. “ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ, ಕುಡಿದರೆ ಮುಪ್ಪು ದೂರ” ಎಂದು ಹೇಳಿ ಹಣ್ಣಿನ ರಸದ ಸೀಸೆಗಳನ್ನೂ ಗುಳಿಗೆಗಳನ್ನೂ ಮಾರುವವರು ಹಳ್ಳಿಗಳಿಗೂ ಬರುತ್ತಾರೆ. ಅಂಥ ಒಂದು ಸೀಸೆಗೆ ಕೊಡುವ ಹಣದಲ್ಲಿ ಮನೆಮಂದಿಗೆಲ್ಲ ಹಲವು ದಿನ ಪೇರಲ ಹಣ್ಣು ತಿನ್ನಿಸಬಹುದು. ಈ ಮಾತಿನಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆ ಎಷ್ಟು ಎಂಬುದನ್ನು ರೈತರು ತಿಳಿದುಕೊಳ್ಳುವುದು ಅವಶ್ಯಕ.

ಉತ್ಕರ್ಷಣ ಎಂದರೇನು?

ಮಳೆಯಲ್ಲಿ ಹೊರಗೆ ಬಿಟ್ಟ ಕುಂಟೆಯ ಕುಡಕ್ಕೆ ತುಕ್ಕು ಹಿಡಿಯುತ್ತದೆ. ಬಹಳ ದಿನ ಇಟ್ಟ ಶೇಂಗಾ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಹೆಚ್ಚಿದ ಬದನೆಕಾಯಿ ಸ್ವಲ್ಪ ಹೊತ್ತಿನಲ್ಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಇವು ಬೇರೆ ಬೇರೆ ಕ್ರಿಯೆಗಳಾದರೂ ಎಲ್ಲದರಲ್ಲೂ ಗಾಳಿಯಲ್ಲಿರುವ ಆಮ್ಲಜನಕದ ಕೈವಾಡವಿದೆ. ಇದಕ್ಕೆ ಉತ್ಕರ್ಷಣ ಎಂದು ಹೆಸರು. ಹೆಚ್ಚಿದ ಬದನೆಯ ಎರಡು ಹೋಳುಗಳಲ್ಲಿ ಒಂದಕ್ಕೆ ಮಾತ್ರ ನಿಂಬೆರಸ ಸವರಿ ಇಟ್ಟು ನೋಡಿದರೆ, ಆ ಹೋಳು ತಡವಾಗಿ ಕಂದುತ್ತದೆ. ನಿಂಬೆಯ ಹುಳಿ ಮತ್ತು ಅದರಲ್ಲಿರುವ ಜೀವಸತ್ವ ‘ಸಿ’ ಎರಡೂ ಸೇರಿ ಈ ಕ್ರಿಯೆಯನ್ನು ತಡೆಯುತ್ತವೆ. ಹೀಗೆ ಉತ್ಕರ್ಷಣವನ್ನು ತಡೆಯುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟುಗಳು.

ಮನುಷ್ಯನ ಶರೀರದ ಬಹುತೇಕ ಜೀವಕೋಶಗಳು ಆಮ್ಲಜನಕದ ಸಹಾಯದಿಂದ ಆಹಾರವನ್ನು ಉರಿಸಿ ಶಕ್ತಿ ಪಡೆಯುತ್ತವೆ. ಒಲೆ ಉರಿಯುವಾಗ ಕಿಡಿ ಹಾರುವಂತೆ, ಈ ಕ್ರಿಯೆಯಲ್ಲಿ ಆಮ್ಲಜನಕದ ಒಂದು ಸಣ್ಣ ಪಾಲು ಮುಕ್ತ ರ್ಯಾಡಿಕಲ್ ಎಂಬ ಉಗ್ರ ಕಣಗಳಾಗಿ ಸಿಡಿಯುತ್ತದೆ. ಈ ಕಣಗಳು ಜೀವಕೋಶದ ಪೊರೆ, ಪ್ರೋಟೀನು ಮತ್ತು ವಂಶವಾಹಿಗಳಿಗೆ ತಗಲಿ ಹಾನಿ ಮಾಡುತ್ತವೆ. ಬೀಡಿಯ ಹೊಗೆ ಮತ್ತು ಅತಿಯಾದ ಬಿಸಿಲಿನಿಂದ ಇವುಗಳ ಸಂಖ್ಯೆ ಹೆಚ್ಚುತ್ತದೆ.

ಗಿಡ ಇವನ್ನು ಏಕೆ ತಯಾರಿಸುತ್ತದೆ?

ಹಣ್ಣಿನಲ್ಲಿರುವ ಉತ್ಕರ್ಷಣ ನಿರೋಧಕಗಳನ್ನು ಗಿಡ ತಯಾರಿಸುವುದು ತನ್ನ ರಕ್ಷಣೆಗಾಗಿ. ಬೇಸಿಗೆಯಲ್ಲಿ ಈ ಭಾಗದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪ್ರಾಣಿಯಾದರೆ ನೆರಳಿಗೆ ಹೋಗುತ್ತದೆ. ಗಿಡ ನಿಂತಲ್ಲೇ ನಿಲ್ಲಬೇಕು. ಪ್ರಖರ ಬಿಸಿಲಿನಲ್ಲಿ ಎಲೆಯ ಹರಿತ್ತು ತಾನು ಬಳಸಬಲ್ಲದ್ದಕ್ಕಿಂತ ಹೆಚ್ಚು ಬೆಳಕನ್ನು ಹೀರಿದಾಗ ಅಲ್ಲಿಯೂ ಉಗ್ರ ಕಣಗಳು ಹುಟ್ಟುತ್ತವೆ. ಅವನ್ನು ತಣಿಸಲು ಗಿಡವು ಹಳದಿ ಮತ್ತು ಕೇಸರಿ ಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನೂ, ಕೆಂಪು ಮತ್ತು ನೇರಳೆ ಬಣ್ಣದ ಆಂಥೋಸಯನಿನ್‌ಗಳನ್ನೂ, ಜೀವಸತ್ವ ‘ಸಿ’ ಹಾಗೂ ಒಗರು ರುಚಿಯ ಟ್ಯಾನಿನ್‌ಗಳನ್ನೂ ತಯಾರಿಸಿಕೊಳ್ಳುತ್ತದೆ. ದಾಳಿಂಬೆಯ ಕೆಂಪು, ನೇರಳೆ ಹಣ್ಣಿನ ಕಪ್ಪು, ಪಪ್ಪಾಯಿಯ ಕೇಸರಿ, ನೆಲ್ಲಿಯ ಒಗರು, ಇವೆಲ್ಲ ಈ ರಕ್ಷಕ ವಸ್ತುಗಳ ಗುರುತುಗಳೇ.

ದನ, ಆಡು, ಕುರಿಗಳು ತಮಗೆ ಬೇಕಾದ ಜೀವಸತ್ವ ‘ಸಿ’ಯನ್ನು ತಮ್ಮ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿ ಇಲ್ಲ. ಒಣ ಮೇವು ತಿಂದು ಎತ್ತು ಬದುಕೀತು, ಆದರೆ ಹಣ್ಣು ತರಕಾರಿ ಇಲ್ಲದ ಊಟದಿಂದ ಅದರ ಒಡೆಯನಿಗೆ ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ರೋಗ ತಗಲೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 80 ಮಿ.ಗ್ರಾಂ, ಹೆಂಗಸಿಗೆ 65 ಮಿ.ಗ್ರಾಂ ಜೀವಸತ್ವ ‘ಸಿ’ ಬೇಕು.

ಜೀವಕೋಶ ಮುಪ್ಪಾಗುವ ಬಗೆ

ಉಗ್ರ ಕಣಗಳ ಹಾನಿ ಸೇರುತ್ತಾ ಹೋಗುವುದೇ ಮುಪ್ಪು ಎಂಬ ವಾದವನ್ನು ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮಂಡಿಸಿದರು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಅವರ ಸಹೋದ್ಯೋಗಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯನ ಸಾಮಾನ್ಯ ಜೀವಕೋಶಗಳು ಸುಮಾರು 50 ಸಲ ಒಡೆದು ಇಮ್ಮಡಿಯಾದ ಮೇಲೆ ನಿಂತುಬಿಡುತ್ತವೆ ಎಂದು ತೋರಿಸಿದರು. ಇದಕ್ಕೆ ಒಂದು ಮುಖ್ಯ ಕಾರಣ ಅನಂತರ ತಿಳಿಯಿತು. ಹಗ್ಗದ ತುದಿ ಬಿಚ್ಚದಂತೆ ಗಂಟು ಹಾಕಿರುವ ಹಾಗೆ, ವರ್ಣತಂತುಗಳ ತುದಿಯಲ್ಲಿ ಟೀಲೋಮಿಯರ್ ಎಂಬ ರಕ್ಷಣೆ ಇರುತ್ತದೆ. ಜೀವಕೋಶ ಒಡೆದಾಗಲೆಲ್ಲ ಅದು ತುಸು ಗಿಡ್ಡದಾಗುತ್ತದೆ. ತೀರ ಗಿಡ್ಡದಾದಾಗ ಜೀವಕೋಶ ಒಡೆಯುವುದನ್ನು ನಿಲ್ಲಿಸುತ್ತದೆ. ಟೀಲೋಮಿಯರಿನ ಬಗೆಗಿನ ಸಂಶೋಧನೆಗೆ 2009ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಉತ್ಕರ್ಷಣದ ಹಾನಿ ಹೆಚ್ಚಾದರೆ ಈ ತುದಿಗಳು ಬೇಗ ಸವೆಯುತ್ತವೆ ಎಂಬುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

ಇಲ್ಲಿಯವರೆಗಿನ ವಿಚಾರ ಓದಿದರೆ, ಉತ್ಕರ್ಷಣ ನಿರೋಧಕಗಳನ್ನು ಹೆಚ್ಚು ಹೆಚ್ಚು ಸೇವಿಸಿದಷ್ಟೂ ಮುಪ್ಪು ದೂರ ಎಂದು ಯಾರಿಗಾದರೂ ಅನಿಸೀತು. ಗುಳಿಗೆ ಮಾರುವವರ ವಾದವೂ ಇದೇ. ಆದರೆ ಪರೀಕ್ಷೆ ಮಾಡಿ ನೋಡಿದಾಗ ದೊರೆತ ಫಲ ಬೇರೆ.

ಗುಳಿಗೆಗಳ ಪರೀಕ್ಷೆ ತಿಳಿಸಿದ್ದು

ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಅವರಲ್ಲಿ ಕೆಲವರಿಗೆ ಬೀಟಾ ಕ್ಯಾರೊಟಿನ್ ಗುಳಿಗೆಗಳನ್ನು ಕೊಡಲಾಯಿತು. 1994ರಲ್ಲಿ ಫಲಿತಾಂಶ ಹೊರಬಂದಾಗ, ಗುಳಿಗೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆದ ಇಂಥದೇ ಇನ್ನೊಂದು ಪರೀಕ್ಷೆಯನ್ನು ಇದೇ ಕಾರಣದಿಂದ 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. 2009ರಲ್ಲಿ ಜರ್ಮನಿಯ ವಿಜ್ಞಾನಿಗಳು, ದೈಹಿಕ ಶ್ರಮದಿಂದ ಶರೀರದ ಸಕ್ಕರೆ ನಿರ್ವಹಣೆಯಲ್ಲಿ ಆಗುವ ಒಳಿತನ್ನು ಜೀವಸತ್ವ ‘ಸಿ’ ಮತ್ತು ‘ಇ’ಯ ಭಾರಿ ಪ್ರಮಾಣದ ಗುಳಿಗೆಗಳು ತಡೆಯುತ್ತವೆ ಎಂದು ವರದಿ ಮಾಡಿದರು.

ಇದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, ಉಗ್ರ ಕಣಗಳೆಲ್ಲ ಶತ್ರುಗಳಲ್ಲ. ಶರೀರದ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಅವನ್ನೇ ಆಯುಧವಾಗಿ ಬಳಸುತ್ತವೆ. ಸ್ವಲ್ಪ ಪ್ರಮಾಣದಲ್ಲಿದ್ದಾಗ ಅವು ಜೀವಕೋಶಕ್ಕೆ ಎಚ್ಚರಿಕೆಯ ಸೂಚನೆ ಕೊಡುತ್ತವೆ. ಎರಡನೆಯದಾಗಿ, ಶರೀರವು ತನ್ನದೇ ರಕ್ಷಕ ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ಅವುಗಳಲ್ಲಿ ಕೆಲವಕ್ಕೆ ಜಿಂಕ್, ತಾಮ್ರ, ಮ್ಯಾಂಗನೀಸ್, ಕಬ್ಬಿಣ ಬೇಕು. ಭತ್ತದ ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುವ ರೈತರಿಗೆ ಲಘು ಪೋಷಕಾಂಶಗಳ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಮೂರನೆಯದಾಗಿ, ಹಣ್ಣಿನಲ್ಲಿ ಇರುವುದು ಒಂದೇ ವಸ್ತುವಲ್ಲ. ನಾರು, ಪೊಟ್ಯಾಶಿಯಂ, ಹಲವು ಜೀವಸತ್ವಗಳು, ಬಣ್ಣಗಳು ಸಣ್ಣ ಸಣ್ಣ ಪ್ರಮಾಣದಲ್ಲಿ ಒಟ್ಟಿಗೆ ಇರುತ್ತವೆ. ಯೂರಿಯಾ ಒಂದನ್ನೇ ಸುರಿದರೆ ಬೆಳೆ ಹುಲುಸಾಗಿ ಕಂಡರೂ ಕಾಳು ಕಟ್ಟದಿರುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು.

ದಾಳಿಂಬೆಯ ವಿಷಯವೂ ಗಮನಿಸತಕ್ಕದ್ದು. ಪ್ರಯೋಗನಳಿಕೆಯಲ್ಲಿ ಅದರ ಟ್ಯಾನಿನ್‌ಗಳು ಬಲವಾದ ಉತ್ಕರ್ಷಣ ನಿರೋಧಕಗಳು. ಆದರೆ ಅವು ಹೆಚ್ಚಾಗಿ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಯುರೊಲಿಥಿನ್ ಎಂಬ ವಸ್ತುಗಳಾಗಿ ಮಾರ್ಪಡಿಸುತ್ತವೆ. ಈ ವಸ್ತುಗಳಲ್ಲಿ ಒಂದು, ಜೀವಕೋಶದೊಳಗಿನ ಹಳೆಯ, ಕೆಟ್ಟ ಶಕ್ತಿಕೇಂದ್ರಗಳನ್ನು ವಿಲೇವಾರಿ ಮಾಡಲು ನೆರವಾಗಿ ಸಣ್ಣ ದುಂಡುಹುಳುಗಳ ಆಯುಷ್ಯವನ್ನು ಹೆಚ್ಚಿಸಿತೆಂದು 2016ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಶೋಧಕರು ಪ್ರಕಟಿಸಿದರು. ಆದರೆ ಎಲ್ಲರ ಕರುಳಿನಲ್ಲೂ ಇದು ತಯಾರಾಗುವುದಿಲ್ಲ. ಹುಳುವಿಗೆ ಆದದ್ದು ಮನುಷ್ಯನಿಗೂ ಆಗುತ್ತದೆ ಎಂದು ಹೇಳಲೂ ಬರುವುದಿಲ್ಲ. ಪ್ರಯೋಗನಳಿಕೆಯ ಅಂಕಿಗಳನ್ನು ಕಂಪನಿಗಳು ಜಾಹೀರಾತಿಗೆ ದುರುಪಯೋಗ ಮಾಡುತ್ತಿವೆ ಎಂಬ ಕಾರಣಕ್ಕೆ ಅಮೆರಿಕದ ಕೃಷಿ ಇಲಾಖೆಯು ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು.

ಒಟ್ಟಿನಲ್ಲಿ ಹೇಳುವುದಾದರೆ, ಯಾವ ಹಣ್ಣೂ ಮುಪ್ಪನ್ನು ತಡೆಯುವುದಿಲ್ಲ. ಆದರೆ ಹಣ್ಣು, ತರಕಾರಿಗಳನ್ನು ದಿನವೂ ತಿನ್ನುವವರಲ್ಲಿ ಹೃದಯರೋಗ, ಪಾರ್ಶ್ವವಾಯುಗಳು ಕಡಿಮೆ ಎಂಬುದು ಅನೇಕ ದೇಶಗಳ ಅಧ್ಯಯನಗಳಿಂದ ಕಂಡುಬಂದಿದೆ. ಕೈಕಾಲು ಗಟ್ಟಿ ಇರುವ ಮುಪ್ಪಿಗೆ ಹಣ್ಣು ಸಹಾಯಕ. ಸೀಸೆ ಮತ್ತು ಗುಳಿಗೆ ಅದಕ್ಕೆ ಬದಲಿ ಅಲ್ಲ.

ಮುಪ್ಪಿಗಿಂತ ಮೊದಲು ರಕ್ತಹೀನತೆ

ಈ ಜಿಲ್ಲೆಯ ಮಟ್ಟಿಗೆ ಹಣ್ಣಿನ ಹೆಚ್ಚಿನ ಉಪಯೋಗ ಬೇರೊಂದು ಕಡೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಯಾದಗಿರಿ ಜಿಲ್ಲೆಯ 5 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಂಗಸರಲ್ಲಿ ಮತ್ತು ಮಕ್ಕಳಲ್ಲಿ ರಕ್ತಹೀನತೆಯೂ ವ್ಯಾಪಕವಾಗಿದೆ. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು ಸ್ವಲ್ಪ ಕೆಲಸಕ್ಕೇ ದಣಿಯುವುದು, ಕಣ್ಣು ಕತ್ತಲೆ ಬರುವುದು ಇದರ ಲಕ್ಷಣ. ಎಂಬತ್ತರ ಮುಪ್ಪಿನ ಚಿಂತೆಗಿಂತ ಇಪ್ಪತ್ತೈದಕ್ಕೇ ಬಂದಿರುವ ಈ ನಿಶ್ಶಕ್ತಿಯ ಚಿಂತೆ ಮೊದಲು ಆಗಬೇಕು.

ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯಗಳಲ್ಲಿ ಕಬ್ಬಿಣಾಂಶ ಇದೆ. ಆದರೆ ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೆಚ್ಚಿನ ಭಾಗ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಅದೇ ಊಟದ ಜೊತೆಗೆ ಜೀವಸತ್ವ ‘ಸಿ’ ಇದ್ದರೆ ಕಬ್ಬಿಣ ಸುಲಭವಾಗಿ ಹೀರಲ್ಪಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನ್ನದ ಊಟದ ಜೊತೆ ಪೇರಲ ಹಣ್ಣು ಕೊಟ್ಟಾಗ ಹದಿಹರೆಯದವರ ಶರೀರ ಕಬ್ಬಿಣವನ್ನು ಗಣನೀಯವಾಗಿ ಹೆಚ್ಚು ಹೀರಿಕೊಂಡಿತು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ತಿದ್ದಿಕೊಳ್ಳಬೇಕು. ದಾಳಿಂಬೆ ಕೆಂಪಗಿರುವುದರಿಂದ ರಕ್ತ ಹೆಚ್ಚಿಸುತ್ತದೆ ಎಂಬ ನಂಬಿಕೆ ಇದೆ. ಆ ಕೆಂಪು ಆಂಥೋಸಯನಿನ್‌ನದು, ಕಬ್ಬಿಣದ್ದಲ್ಲ. ಈ ಕೆಲಸಕ್ಕೆ ಅಗ್ಗದ ಪೇರಲವೇ ಮೇಲು. ಇನ್ನೊಂದು ಚಹಾದ ವಿಷಯ. ಚಹಾದಲ್ಲಿಯೂ ಉತ್ಕರ್ಷಣ ನಿರೋಧಕಗಳಿವೆ ಎಂಬುದು ನಿಜ. ಆದರೆ ಅದರ ಟ್ಯಾನಿನ್ ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಆದ್ದರಿಂದ ರೊಟ್ಟಿಯ ಜೊತೆಗೆ ಅಥವಾ ಊಟವಾದ ಕೂಡಲೇ ಚಹಾ ಕುಡಿಯದೆ, ಒಂದು ತಾಸು ಬಿಟ್ಟು ಕುಡಿಯಬೇಕು. ಆರೋಗ್ಯ ಕೇಂದ್ರದಿಂದ ಕೊಡುವ ಕಬ್ಬಿಣದ ಗುಳಿಗೆಗಳನ್ನು ಹಣ್ಣು ತಿನ್ನುತ್ತೇವೆಂದು ನಿಲ್ಲಿಸಕೂಡದು.

ಈ ಭಾಗಕ್ಕೆ ಒಗ್ಗುವ ಹಣ್ಣುಗಳು

ತಿನ್ನುವ ಭಾಗದ ಪ್ರತಿ 100 ಗ್ರಾಂನಲ್ಲಿ ದೊರೆಯುವ ಜೀವಸತ್ವ ‘ಸಿ’ ಸುಮಾರಾಗಿ ಹೀಗಿದೆ. ತಳಿ, ಮಣ್ಣು ಮತ್ತು ಹಣ್ಣಿನ ಹದಕ್ಕೆ ತಕ್ಕಂತೆ ಇದು ಹೆಚ್ಚು ಕಡಿಮೆ ಆಗುತ್ತದೆ.

ನೆಲ್ಲಿಕಾಯಿ: 250 ರಿಂದ 600 ಮಿ.ಗ್ರಾಂ
ಪೇರಲ (ಸೀಬೆ): 200 ಮಿ.ಗ್ರಾಂಗಿಂತ ಹೆಚ್ಚು
ಬಾರೆ (ಬೋರೆ): 75 ಮಿ.ಗ್ರಾಂ
ಪಪ್ಪಾಯಿ: 45 ರಿಂದ 60 ಮಿ.ಗ್ರಾಂ
ನಿಂಬೆ: 40 ರಿಂದ 60 ಮಿ.ಗ್ರಾಂ
ಸೀತಾಫಲ: 20 ರಿಂದ 35 ಮಿ.ಗ್ರಾಂ
ದಾಳಿಂಬೆ: 15 ಮಿ.ಗ್ರಾಂ

ಅರ್ಧ ಪೇರಲ ಹಣ್ಣು ಒಬ್ಬರ ಒಂದು ದಿನದ ಅವಶ್ಯಕತೆಯನ್ನು ಪೂರೈಸುತ್ತದೆ ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ. ನೇರಳೆ ಮತ್ತು ದಾಳಿಂಬೆಯಲ್ಲಿ ಆಂಥೋಸಯನಿನ್, ಪಪ್ಪಾಯಿ ಮತ್ತು ಮಾವಿನಲ್ಲಿ ಕ್ಯಾರೊಟಿನಾಯ್ಡ್, ಕೆಂಪು ತಿರುಳಿನ ಪೇರಲದಲ್ಲಿ ಲೈಕೊಪಿನ್ ಹೆಚ್ಚು. ಆದ್ದರಿಂದ ಒಂದೇ ಹಣ್ಣಿಗೆ ಅಂಟಿಕೊಳ್ಳದೆ ಋತುಮಾನಕ್ಕೆ ತಕ್ಕಂತೆ ಬದಲಿಸಿ ತಿನ್ನುವುದು ಒಳ್ಳೆಯದು.

ಸ್ವಂತ ಉಪಯೋಗಕ್ಕೆ ತೋಟವೇ ಬೇಕೆಂದಿಲ್ಲ. ಬದುವಿನಲ್ಲಿ, ಬಾವಿಯ ಬಳಿ, ಹಿತ್ತಲಿನಲ್ಲಿ ಎರಡು ಪೇರಲ, ಎರಡು ನೆಲ್ಲಿ, ಒಂದು ನಿಂಬೆ, ಒಂದು ಬಾರೆ, ಎರಡು ಮೂರು ಪಪ್ಪಾಯಿ ಗಿಡಗಳಿದ್ದರೆ ಸಾಕು. ಮುಂಗಾರಿನಲ್ಲಿ ನೇರಳೆ, ಆಗಸ್ಟ್‌ನಿಂದ ಸೀತಾಫಲ ಮತ್ತು ಪೇರಲ, ನವೆಂಬರ್‌ನಿಂದ ನೆಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಾರೆ, ಬೇಸಿಗೆಯಲ್ಲಿ ಮಾವು, ಉಳಿದಂತೆ ಪಪ್ಪಾಯಿ ಮತ್ತು ನಿಂಬೆ, ಹೀಗೆ ವರ್ಷವಿಡೀ ಏನಾದರೊಂದು ಹಣ್ಣು ದೊರೆಯುತ್ತದೆ. ನಾಟಿಗೆ 60 ಸೆಂ.ಮೀ. ಉದ್ದ, ಅಗಲ, ಆಳದ ಗುಣಿಗಳನ್ನು ಬೇಸಿಗೆಯಲ್ಲಿಯೇ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಮಳೆ ಹಿಡಿದ ಮೇಲೆ ಕಸಿ ಗಿಡಗಳನ್ನು ನೆಡಬೇಕು. ಪಪ್ಪಾಯಿಯ ಬುಡದಲ್ಲಿ ನೀರು ನಿಂತರೆ ಗಿಡ ಕೊಳೆಯುವುದರಿಂದ ಕಪ್ಪು ಮಣ್ಣಿನಲ್ಲಿ ಅದನ್ನು ಏರಿನ ಮೇಲೆ ನೆಡುವುದು ಸೂಕ್ತ. ನೆಲ್ಲಿಯಲ್ಲಿ ಒಂದೇ ತಳಿಯಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಎರಡು ಬೇರೆ ಬೇರೆ ತಳಿಗಳನ್ನು ನೆಡತಕ್ಕದ್ದು. ಬದುವಿನಲ್ಲಿ ತಾನಾಗಿ ಬೆಳೆದ ಕಾಡು ಬಾರೆಯನ್ನು ಕಿತ್ತು ಹಾಕದೆ, ಬೇಸಿಗೆಯಲ್ಲಿ ಬುಡಕ್ಕೆ ಕಡಿದು, ಹೊಸದಾಗಿ ಬಂದ ಚಿಗುರಿಗೆ ಜೂನ್-ಜುಲೈನಲ್ಲಿ ಉಮ್ರಾನ್‌ದಂಥ ಒಳ್ಳೆಯ ತಳಿಯ ಕಣ್ಣು ಕಸಿ ಮಾಡಬಹುದು. ಬೇರು ಆಗಲೇ ಆಳಕ್ಕೆ ಇಳಿದಿರುವುದರಿಂದ ಇಂಥ ಗಿಡ ಬರವನ್ನು ತಡೆಯುತ್ತದೆ.

ಕೊಯ್ಲು ಮತ್ತು ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು

1. ಪೇರಲ ಹಣ್ಣನ್ನು ಗಟ್ಟಿಯಾಗಿ, ಹಸಿರು ತಿಳಿಯಾಗುವ ಹಂತದಲ್ಲಿ ತಿನ್ನುವುದು ಉತ್ತಮ. ಅತಿಯಾಗಿ ಮಾಗಿದರೆ ಜೀವಸತ್ವ ‘ಸಿ’ ಇಳಿಯುತ್ತದೆ. ಸಿಪ್ಪೆಯ ಸಮೀಪದಲ್ಲಿಯೇ ಅದು ಹೆಚ್ಚಾಗಿರುವುದರಿಂದ ಸಿಪ್ಪೆ ತೆಗೆಯಬಾರದು.

2. ಔಷಧಿ ಸಿಂಪಡಿಸಿದ ಹಣ್ಣನ್ನು ಡಬ್ಬಿಯ ಮೇಲೆ ಸೂಚಿಸಿದಷ್ಟು ದಿನ ಕಾಯದೆ ಕೊಯ್ಯಬಾರದು. ಈ ನಿಯಮ ಮಾರುವ ಹಣ್ಣಿಗೂ ಮನೆಯ ಹಣ್ಣಿಗೂ ಒಂದೇ. ತಿನ್ನುವ ಮೊದಲು ಚೆನ್ನಾಗಿ ತೊಳೆಯಬೇಕು.

3. ಜೀವಸತ್ವ ‘ಸಿ’ ಶಾಖ, ಗಾಳಿ ಮತ್ತು ತಾಮ್ರದ ಪಾತ್ರೆಯ ಸಂಪರ್ಕದಿಂದ ನಾಶವಾಗುತ್ತದೆ. ಹಣ್ಣನ್ನು ತಿನ್ನುವ ಹೊತ್ತಿಗೆ ಹೆಚ್ಚಬೇಕು. ನಿಂಬೆರಸವನ್ನು ಬೇಳೆ ಅಥವಾ ಪಲ್ಯ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು.

4. ನೀರು ಏರುಪೇರಾದಾಗ ದಾಳಿಂಬೆ ಬಿರಿಯುತ್ತದೆ. ಹೊಸದಾಗಿ ಬಿರಿದು, ಬೂಷ್ಟು ಬಾರದೆ ಇರುವ ಹಣ್ಣು ಮಾರಾಟಕ್ಕೆ ಬಾರದಿದ್ದರೂ ತಿನ್ನಲು ಯೋಗ್ಯ. ಅದನ್ನು ತಿಪ್ಪೆಗೆ ಹಾಕದೆ ಅದೇ ದಿನ ಮನೆಗೆ ಒಯ್ಯಬೇಕು. ಸುಡುವ ಬಿಸಿಯಲ್ಲಿ ಮಾಗಿದ ದಾಳಿಂಬೆಯ ಕಾಳು ಪೇಲವವಾಗಿ, ತಂಪು ದಿನಗಳಲ್ಲಿ ಮಾಗಿದ್ದು ಗಾಢ ಕೆಂಪಾಗಿ ಇರುವುದು ಆಂಥೋಸಯನಿನ್‌ನ ಪ್ರಮಾಣದಿಂದಲೇ.

5. ರಸ ತೆಗೆದು ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಇಡೀ ಹಣ್ಣು ತಿನ್ನುವುದೇ ಮೇಲು. ಒಬ್ಬ ವಯಸ್ಕ ದಿನಕ್ಕೆ ಸುಮಾರು 100 ಗ್ರಾಂ ಹಣ್ಣು ತಿನ್ನಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಸಲಹೆ ಮಾಡಿದೆ. ಒಂದು ಸಾಧಾರಣ ಗಾತ್ರದ ಪೇರಲ ಇದಕ್ಕೆ ಸಾಕು.

6. ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಇರುವವರು ಯಾವ ಹಣ್ಣು, ಎಷ್ಟು ಎಂಬುದನ್ನು ವೈದ್ಯರನ್ನು ಕೇಳಿ ತಿಳಿಯಬೇಕು. ವೈದ್ಯರು ಬರೆದುಕೊಟ್ಟ ಔಷಧಿ ಬಿಟ್ಟು ರಸದ ಸೀಸೆಯನ್ನು ನಂಬುವುದು ಅಪಾಯಕಾರಿ.

7. ಬೀಡಿ ಸೇದುವವರ ರಕ್ತದಲ್ಲಿ ಜೀವಸತ್ವ ‘ಸಿ’ ಕಡಿಮೆ ಇರುತ್ತದೆ. ಹಣ್ಣು ತಿಂದು ಬೀಡಿ ಸೇದಿದರೆ ಒಂದು ಕಡೆ ನೀರು ಕಟ್ಟಿ ಇನ್ನೊಂದು ಕಡೆ ಬದು ಒಡೆದಂತೆ. ಬಿಸಿಲಲ್ಲಿ ದುಡಿಯುವಾಗ ತಲೆಗೆ ರುಮಾಲು, ಮೈತುಂಬ ಅಂಗಿ ಇರಲಿ.

ಹಣ್ಣಿನ ಗಿಡಗಳ ತಳಿ, ಕಸಿ ಮತ್ತು ನಾಟಿಯ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿ ಕೃಷಿ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆ ಮತ್ತು ಸ್ತ್ರೀಶಕ್ತಿ ಸಂಘಗಳಲ್ಲಿ ಬದನೆಕಾಯಿ ಮತ್ತು ನಿಂಬೆಯ ಚಿಕ್ಕ ಪ್ರಯೋಗವನ್ನು ಮಾಡಿ ತೋರಿಸಿದರೆ ವಿಷಯ ಬೇಗ ಮನದಟ್ಟಾಗುತ್ತದೆ.

ಬೆಳೆದ ಜೋಳದಲ್ಲಿ ಮನೆಯ ಖರ್ಚಿಗೆಂದು ಮೊದಲು ಒಂದಿಷ್ಟು ತೆಗೆದಿಟ್ಟು, ಉಳಿದದ್ದನ್ನು ಮಾರುವುದು ಈ ಭಾಗದ ರೈತರ ಹಳೆಯ ಪದ್ಧತಿ. ಹಣ್ಣಿನಲ್ಲಿಯೂ ಅದೇ ಪದ್ಧತಿಯನ್ನು ಅನುಸರಿಸಬೇಕು. ಪೆಟ್ಟಿಗೆ ತುಂಬುವ ಮೊದಲು ಮನೆಯ ಬುಟ್ಟಿ ತುಂಬಲಿ. ಆ ಬುಟ್ಟಿಯಲ್ಲಿ ಮೊದಲ ಪಾಲು ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಸಲ್ಲಬೇಕು.